ವರೋಪಚಾರದ ಕೈಗಡಿಯಾರ

ಬಸವನಗುಡಿಯ ಒಂದು ಮನೆಯ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆಯ ಸೀರೆಗಳ ಅಡಿಯಲ್ಲಿ, ಕರ್ಪೂರದ ವಾಸನೆ ಹಿಡಿದ ಒಂದು ಪುಟ್ಟ ಡಬ್ಬಿಯಿತ್ತು. ಡಬ್ಬಿಯೊಳಗೆ ಒಂದು ಕೈಗಡಿಯಾರ. 1956ನೆಯ ಇಸವಿಯಲ್ಲಿ ಆ ಮನೆಯ ಅಜ್ಜಿಯ ಮದುವೆಯಾದಾಗ ಅವರ ತಂದೆ ಅಳಿಯನಿಗೆ ವರೋಪಚಾರವಾಗಿ ಕೊಟ್ಟದ್ದು ಅದು. ತಂದೆ ಹಾಸನದ ಕಡೆಯ ಒಂದು ಶಾಲೆಯಲ್ಲಿ ಉಪಾಧ್ಯಾಯರು. ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ಸಾಲದ್ದಕ್ಕೆ ಸಾಲ ಮಾಡಿ, ಬೆಂಗಳೂರಿಗೆ ಬಂದು ಒಮೆಗಾ ವಾಚನ್ನು ಕೊಂಡೊಯ್ದಿದ್ದರು. ಅಳಿಯ ಅದನ್ನು ನಿವೃತ್ತನಾಗುವವರೆಗೂ ಕಟ್ಟಿದ. ಆತ ತೀರಿಹೋದ ಮೇಲೆ ಗಡಿಯಾರ ಬೀರು ಸೇರಿತು.

ಈಗ ಮೊಮ್ಮಗನ ಮದುವೆ ನಿಶ್ಚಯವಾಗಿತ್ತು. ತಾತನ ಗಡಿಯಾರವನ್ನು ಕಟ್ಟಿಕೊಂಡೇ ಹಸೆಮಣೆ ಏರಬೇಕೆಂದು ಹುಡುಗನಿಗೆ ಆಸೆ. ಅದರ ಬೆಲೆ ಎಷ್ಟಾದೀತೆಂಬ ಕುತೂಹಲವೂ ಇಲ್ಲದಿರಲಿಲ್ಲ. ಹಳೆಯ ಗಡಿಯಾರಗಳ ವ್ಯಾಪಾರ ಮಾಡುವ ಒಬ್ಬನ ಬಳಿಗೆ ಒಯ್ದು ತೋರಿಸಿದ. ಆತ ಅರ್ಧ ನಿಮಿಷ ತಿರುಗಿಸಿ ನೋಡಿ, "ಇದು ಖೋಟಾ ಮಾಲು" ಎಂದು ಮೇಜಿನ ಮೇಲಿಟ್ಟ. ಹುಡುಗ ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಬಗೆ. ರಾತ್ರಿ ಊಟದ ಹೊತ್ತಿನಲ್ಲಿ, ತಮಾಷೆಯ ಮಾತೆಂಬಂತೆ, ಎಲ್ಲರ ಎದುರಿಗೂ ಅದನ್ನು ಹೇಳಿಬಿಟ್ಟ.

ಎಂಬತ್ತು ದಾಟಿದ ಅಜ್ಜಿ ತಟ್ಟೆಯ ಮುಂದಿನಿಂದ ಎದ್ದರು. "ಹಾಗಾದರೆ ನಮ್ಮಪ್ಪ ಖೋಟಾ ವಸ್ತು ಕೊಟ್ಟು ನನ್ನನ್ನು ಧಾರೆಯೆರೆದರೋ?" ಎಂದು ಕೇಳಿದರು. ಉತ್ತರ ಕೊಡಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಖೋಟಾ ಎಂಬುದು ಬಹಳ ಸಡಿಲವಾದ ಮಾತು. ನಾಣ್ಯದ ವಿಷಯದಲ್ಲಾದರೆ ಅದು ಅಸಲು, ಇಲ್ಲವೇ ಖೋಟಾ, ನಡುವೆ ಇನ್ನೊಂದಿಲ್ಲ. ಆದರೆ ನೂರಕ್ಕೂ ಹೆಚ್ಚು ಬಿಡಿಭಾಗಗಳುಳ್ಳ, ಹಲವು ಕೈಗಳಲ್ಲಿ ರಿಪೇರಿಗೊಂಡ ಒಂದು ಯಂತ್ರದ ವಿಷಯದಲ್ಲಿ ಹಾಗೆನ್ನಲು ಬರುವುದಿಲ್ಲ. ಹೆಸರಾಂತ ಕಾರಖಾನೆಯ ಹೆಸರನ್ನು ಮಾತ್ರ ಕದ್ದು ಆಮೂಲಾಗ್ರವಾಗಿ ಹೊಸದಾಗಿ ಮಾಡಿದ ಗಡಿಯಾರವುಂಟು. ಇದು ಶುದ್ಧ ಕಳ್ಳತನ, ಗುರುತಿಸುವುದೂ ಸುಲಭ. ಒಂದರ ಯಂತ್ರ, ಇನ್ನೊಂದರ ಕವಚ, ಮತ್ತೊಂದರ ಮುಳ್ಳು ಹೀಗೆ ಕೂಡಿಸಿ, ಹುಟ್ಟಿನಿಂದಲೇ ಒಂದಾಗಿದ್ದುದೆಂದು ಮಾರುವುದುಂಟು. ಇದರಲ್ಲಿ ಪ್ರತಿಯೊಂದು ಭಾಗವೂ ಅಸಲು, ಒಟ್ಟು ಮಾತ್ರ ಸುಳ್ಳು. ಮುಖಕ್ಕೆ ಹೊಸದಾಗಿ ಬಣ್ಣ ಬಳಿಸಿಕೊಂಡ ಅಸಲು ಗಡಿಯಾರವೂ ಉಂಟು. ಈ ಮೂರನ್ನೂ ಒಂದೇ ಮಾತಿನಲ್ಲಿ ಹೊಡೆದುಹಾಕಿದ ವ್ಯಾಪಾರಿಗೆ ಸಮಯವಿರಲಿಲ್ಲವೋ, ಅಗ್ಗಕ್ಕೆ ಎತ್ತಿಕೊಳ್ಳುವ ಎಣಿಕೆಯಿತ್ತೋ ಹೇಳಲಾಗದು.

ಬಲ್ಲವರೂ ಎಡವುತ್ತಾರೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. 2021ರ ನವೆಂಬರಿನಲ್ಲಿ ಜಿನೀವಾ ನಗರದ ಹರಾಜೊಂದರಲ್ಲಿ, 1957ರದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಗಡಿಯಾರವೊಂದು ಮೂವತ್ತೊಂದು ಲಕ್ಷಕ್ಕೂ ಮಿಗಿಲಾದ ಸ್ವಿಸ್ ಫ್ರಾಂಕಿಗೆ ಹೋಯಿತು. ಕೊಂಡವರು ಬೇರಾರೂ ಅಲ್ಲ. ತನ್ನ ಸಂಗ್ರಹಾಲಯಕ್ಕಾಗಿ ಒಮೆಗಾ ಸಂಸ್ಥೆಯೇ ಕೊಂಡಿತು. ಎರಡು ವರ್ಷ ತುಂಬುವ ಮೊದಲೇ, 2023ರಲ್ಲಿ, ಅದು ಹಲವು ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದು ಬಯಲಾಯಿತು. ಸಂಸ್ಥೆಯ ಒಳಗಿನವರೇ ಕೆಲವರು ಈ ಮೋಸದಲ್ಲಿ ಪಾಲುಗೊಂಡಿದ್ದರೆಂದು ಸಂಸ್ಥೆ ತಾನೇ ಹೇಳಬೇಕಾಯಿತು. ತಾಯಿಯೇ ಮಗುವಿನ ಗುರುತು ತಪ್ಪಿದ ಮೇಲೆ ನೆರೆಮನೆಯವರನ್ನು ಏನೆಂದು ದೂರುವುದು!

ಇರಲಿ. ಮೊಮ್ಮಗ ಅಜ್ಜಿಯನ್ನು ಸಮಾಧಾನಪಡಿಸಲಾರದೆ, ಮರುದಿನ ಗಡಿಯಾರವನ್ನು ಚಿಕ್ಕಪೇಟೆಯ ಒಂದು ಸಂದಿಯಲ್ಲಿದ್ದ ವೃದ್ಧ ಗಡಿಯಾರ ರಿಪೇರಿಗಾರರ ಬಳಿಗೆ ಒಯ್ದ. ಅಜ್ಜಿ ತಾವೂ ಬರುವೆನೆಂದು ಹಟ ಹಿಡಿದು ಜೊತೆಗೆ ಹೊರಟರು. ಅಂಗಡಿಯೆಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಮಣೆ, ಅಷ್ಟೆ. ಮುದುಕರು ಅಜ್ಜಿಗೆ ಮಣೆಯನ್ನು ಬಿಟ್ಟುಕೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.

ಅವರು ಮೊದಲು ಗಡಿಯಾರವನ್ನು ನೋಡಲಿಲ್ಲ, ಕೇಳಿದರು. ಎರಡು ಸುತ್ತು ಕೀಲಿ ಕೊಟ್ಟು ಕಿವಿಗೆ ಹಿಡಿದರು. ಆ ಕಾಲದ ಕೀಲಿ ಗಡಿಯಾರದ ಬಹುಪಾಲು ಯಂತ್ರಗಳು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತವೆ. ಅದರಿಂದಾಗಿ ಸೆಕೆಂಡಿನ ಮುಳ್ಳು ನಡೆಯುವುದಿಲ್ಲ, ಜಾರುತ್ತದೆ. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರದಲ್ಲಾದರೆ ಮುಳ್ಳು ಸೆಕೆಂಡಿಗೊಮ್ಮೆ ಹೆಜ್ಜೆಯಿಟ್ಟು ನಿಲ್ಲುತ್ತದೆ. ಜಪಾನಿನ ಸೀಕೋ ಸಂಸ್ಥೆ ಮೊತ್ತಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟದ್ದು 1969ರ ಡಿಸೆಂಬರ್ 25ರಂದು. ಆದುದರಿಂದ 1956ರ ವಾಚೆಂದು ಯಾರಾದರೂ ತಂದುಕೊಟ್ಟದ್ದು ಸೆಕೆಂಡಿಗೊಮ್ಮೆ ಕುಪ್ಪಳಿಸಿದರೆ ಮುಂದಿನ ಪರೀಕ್ಷೆಯ ಗೋಜಿಗೆ ಹೋಗಬೇಕಾದದ್ದು ಅಪರೂಪ. ಅಜ್ಜಿಯ ಗಡಿಯಾರ ಮಿಡಿಯಿತು; ಎಣ್ಣೆ ಒಣಗಿದ್ದರಿಂದ ಕುಂಟುತ್ತ ಮಿಡಿದು ನಿಂತಿತು.

ಬಳಿಕ ಮುಖಫಲಕದ ಸರದಿ. ಸಂಗ್ರಾಹಕರು ಹಣ ಕೊಡುವುದು ಬಹುಮಟ್ಟಿಗೆ ಮುಖಕ್ಕೆ. ಮೋಸ ನಡೆಯುವುದೂ ಅಲ್ಲಿಯೇ. ಕಾರಖಾನೆಯಲ್ಲಿ ಅಚ್ಚಾದ ಅಕ್ಷರ ಭೂತಗನ್ನಡಿಯ ಕೆಳಗೂ ಅಕ್ಷರವಾಗಿಯೇ ಕಾಣುತ್ತದೆ: ಅಂಚು ಚೂಪು, ಮಸಿ ಸಮ, ಸಾಲು ನೇರ. ಕೈಕೆಲಸದ ಮರುಮುದ್ರಣದಲ್ಲಿ ಮಸಿ ಉಬ್ಬುತ್ತದೆ. ಅಕ್ಷರದ ಕಾಲುಗಳು ಕೂಡಿಕೊಳ್ಳುತ್ತವೆ. ನಿಮಿಷದ ಗೆರೆಗಳು ಒಂದೆಡೆ ಒತ್ತಾಗಿ ಇನ್ನೊಂದೆಡೆ ಸಡಿಲವಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದುದೆಂಬ ಸಣ್ಣ ಬರಹ ಆರರ ಅಂಕಿಯ ಕೆಳಗೆ, ಫಲಕದ ಅಂಚಿಗೆ ಅಂಟಿದಂತೆ ಇರಬೇಕು. ಮರುಬಣ್ಣ ಹೊಡೆಯುವವನು ಅದನ್ನು ಮರೆಯುತ್ತಾನೆ. ಮರೆಯದಿದ್ದರೆ ಮೇಲಕ್ಕೆ ಎತ್ತಿ ಬರೆಯುತ್ತಾನೆ. ಈ ಗಡಿಯಾರಕ್ಕೆ ಆರರ ಬಳಿ ಸೆಕೆಂಡಿನದೇ ಒಂದು ಸಣ್ಣ ವೃತ್ತವಿತ್ತು. ಆ ವೃತ್ತದ ನಡುಬಿಂದುವೂ ಮುಳ್ಳಿನ ಕೀಲೂ ಒಂದೇ ಕಡೆ ಬೀಳಬೇಕು. ಬಿದ್ದಿರಲಿಲ್ಲ. ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು.

ಮುದುಕರು ತಲೆಯಲ್ಲಾಡಿಸಿದರು. "ಮುಖಕ್ಕೆ ಬಣ್ಣ ಹೊಡೆದಿದ್ದಾರೆ, ತಾಯಿ" ಎಂದರು. ಅಜ್ಜಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. "ಆದರೆ ಮುಖ ನೋಡಿ ವಂಶ ಹೇಳಬಾರದು, ಒಳಗೂ ನೋಡೋಣ" ಎಂದು ಮುದುಕರು ಮುಚ್ಚಳ ತೆಗೆಯುವ ಚಾಕುವಿಗೆ ಕೈಯಿಕ್ಕಿದರು.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ ಹೇಳಬೇಕು. ಕತ್ತಲಲ್ಲಿ ಹೊಳೆಯುವ ಅಂಕಿಗಳಿರುವ ಹಳೆಯ ಗಡಿಯಾರ ಮನೆಯಲ್ಲಿದ್ದರೆ ಅದನ್ನು ತಾವೇ ಬಿಚ್ಚಿ ಕೆರೆಯಕೂಡದು. 1960ರ ದಶಕದವರೆಗೆ ಆ ಹೊಳಪಿಗೆ ಬಳಸುತ್ತಿದ್ದುದು ರೇಡಿಯಂ. ಅಮೆರಿಕದ ನ್ಯೂಜೆರ್ಸಿಯಲ್ಲಿ ಅಂಕಿಗಳಿಗೆ ಅದನ್ನು ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ರೇಡಿಯಮ್ಮಿನ ಶಕ್ತಿ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಆದರೆ ಅದರ ಜೊತೆ ಬೆರೆಸಿದ ಹೊಳೆಯುವ ಪುಡಿ ಕೆಲವೇ ದಶಕಗಳಲ್ಲಿ ಸವೆದು ಕಂದುತ್ತದೆ. ಹೀಗಾಗಿ ವಿಷವುಳಿಯುತ್ತದೆ, ಬೆಳಕು ಉಳಿಯುವುದಿಲ್ಲ. 1950ರ ಗಡಿಯಾರವೆಂದು ಮಾರಲು ತಂದದ್ದು ದೀಪವಾರಿಸಿದ ಮೇಲೆ ರಾತ್ರಿಯೆಲ್ಲ ಹಸುರಾಗಿ ಬೆಳಗಿದರೆ, ಆ ಬಣ್ಣ ಇತ್ತೀಚಿನದೆಂದೇ ತಿಳಿಯಬೇಕು. ಅಜ್ಜಿಯ ಗಡಿಯಾರದಲ್ಲಿ ಪುಣ್ಯಕ್ಕೆ ಈ ಲೇಪವೇ ಇರಲಿಲ್ಲ.

ಮುಚ್ಚಳ ಟಕ್ಕೆಂದು ತೆರೆಯಿತು. ಒಳಗೆ ತಾಮ್ರದ ಛಾಯೆಯ, ಮಾಸದ ಯಂತ್ರ. ಆ ಕಾಲದ ಒಮೆಗಾ ಯಂತ್ರಗಳ ಮೈಬಣ್ಣವೇ ಅದು. ಅಗ್ಗದ ನಕಲಿನಲ್ಲಿ ಕಾಣುವುದು ಬೆಳ್ಳನೆಯ ಬೋಳು ಲೋಹ. ಯಂತ್ರದ ಮೇಲೆ ಸಂಸ್ಥೆಯ ಹೆಸರು, ಹದಿನೇಳು ಕಲ್ಲುಗಳೆಂಬ ಬರಹ, 267 ಎಂಬ ಮಾದರಿಯ ಅಂಕಿ. ಇದು 1939ರಲ್ಲಿ ಆರಂಭವಾದ ಮೂವತ್ತು ಮಿಲಿಮೀಟರ್ ಯಂತ್ರಗಳ ಮನೆತನದ ಕೂಸು, ಸೆಕೆಂಡಿಗೆ ಬೇರೆಯೇ ಸಣ್ಣ ವೃತ್ತವುಳ್ಳದ್ದು. ಮುಖದ ಮೇಲಿದ್ದ ವೃತ್ತಕ್ಕೂ ಒಳಗಿನ ಯಂತ್ರಕ್ಕೂ ಹೀಗೆ ಹೊಂದಿಕೆಯಾಯಿತು. ಇನ್ನೊಂದು ಎಂಟಂಕಿಯ ಸಂಖ್ಯೆಯಿತ್ತು. ಅದರ ಆರಂಭ ಹದಿನಾಲ್ಕರಿಂದ. ಒಮೆಗಾ ಸಂಸ್ಥೆ ತನ್ನ ಯಂತ್ರಗಳಿಗೆ ಅನುಕ್ರಮವಾಗಿ ಸಂಖ್ಯೆ ಕೊಡುತ್ತ ಬಂದಿತ್ತಾದ್ದರಿಂದ ಸಂಖ್ಯೆಯೇ ಜಾತಕ. ಒಂದು ಕೋಟಿ ನಲವತ್ತು ಲಕ್ಷದ ಆಸುಪಾಸು ಎಂದರೆ 1950ರ ದಶಕದ ನಡುಗಾಲ. ಎರಡು ಕೋಟಿಯೆಂದರೆ 1960ರ ದಶಕದ ಮೊದಲ ಭಾಗ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಹಡಗು ಹತ್ತಿ, ಬೆಂಗಳೂರಿನ ಅಂಗಡಿಯ ಗಾಜಿನ ಹಿಂದೆ ಒಂದೆರಡು ವರ್ಷ ಕುಳಿತು 1956ರ ಮದುವೆಗೆ ಹೋಗಲು ಲೆಕ್ಕ ಸರಿಯಾಗಿತ್ತು.

ಮುದುಕರು ಅಷ್ಟಕ್ಕೇ ಒಪ್ಪಲಿಲ್ಲ. ಯಂತ್ರ ಅಸಲಾದರೂ ಕವಚ ಬೇರೆಯದಿರಬಹುದು. ಯಂತ್ರವನ್ನು ಕವಚದಿಂದ ಬಿಡಿಸಿ ಫಲಕದ ಹಿಂಬದಿಯನ್ನು ನೋಡಿದರು. ಪ್ರತಿಯೊಂದು ಫಲಕದ ಬೆನ್ನಿಗೂ ಎರಡು ಸಣ್ಣ ಕಾಲುಗಳಿರುತ್ತವೆ. ಯಂತ್ರದ ಎರಡು ತೂತುಗಳಲ್ಲಿ ಅವು ಕೂರುತ್ತವೆ. ಬೇರೆ ಮಾದರಿಯ ಫಲಕವನ್ನು ಕೂರಿಸುವವನು ಆ ಕಾಲುಗಳನ್ನು ಕತ್ತರಿಸಿ ಅಂಟು ಹಚ್ಚಿರುತ್ತಾನೆ. ಇಲ್ಲಿ ಎರಡು ಕಾಲೂ ನೆಟ್ಟಗಿದ್ದವು. ಅಂಚಿನಲ್ಲಿ ಮಾತ್ರ ಅರದಿಂದ ಕೊರೆದ ಒಂದು ಸಣ್ಣ ಕಚ್ಚು ಕಂಡಿತು. ಬಣ್ಣ ಕಳೆದ ಬೋಳು ಫಲಕದ ಮೇಲೆ ಮತ್ತೆ ಅಚ್ಚೊತ್ತುವಾಗ ಮೇಲು ಕೆಳಗು ತಿಳಿಯಲೆಂದು ಬಣ್ಣದವರು ಮಾಡಿಕೊಳ್ಳುವ ಗುರುತು ಅದು. ಎಂದರೆ ಫಲಕ ಹುಟ್ಟಿನದೇ. ಮೇಲಿನ ಬಣ್ಣ ಮಾತ್ರ ಎರಡನೆಯದು. ಕೀಲಿಯ ಗುಂಡಿಯ ಮೇಲೆ ಇರಬೇಕಾದ ಗ್ರೀಕ್ ಅಕ್ಷರವಿರಲಿಲ್ಲ. ಗಾಜಿನ ನಡುವೆ, ಓರೆಯಾಗಿ ಬೆಳಕು ಹಿಡಿದರೆ ಮಾತ್ರ ಕಾಣುವ ಸಾಸಿವೆಗಿಂತ ಕಿರಿದಾದ ಅದೇ ಅಕ್ಷರವೂ ಇರಲಿಲ್ಲ. ಎರಡೂ ಯಾವಾಗಲೋ ಬದಲಾದವು. ದಿನಕ್ಕೊಮ್ಮೆ ಬೆರಳು ತಿರುವುವ ಗುಂಡಿ ಸವೆಯದೆ ಇದ್ದರಲ್ಲವೆ ಅನುಮಾನ!

ಇಷ್ಟರಲ್ಲಿ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ಚಿನ್ನದ ವಾಚು ಎನ್ನುತ್ತಿದ್ದರಲ್ಲ, ಚಿನ್ನವೇ ತಾನೆ?"

ಸ್ವಿಸ್ ಸರಕಾರದ ಮುದ್ರೆಯ ಪದ್ಧತಿ ಸೊಗಸಾದದ್ದು. 1995ರವರೆಗೆ ಹದಿನೆಂಟು ಕ್ಯಾರೆಟ್ ಚಿನ್ನದ ಕವಚಕ್ಕೆ ಹೆಲ್ವೇಷಿಯಾ ದೇವಿಯ ತಲೆ, ಹದಿನಾಲ್ಕು ಕ್ಯಾರೆಟ್ಟಿಗೆ ಒಂದು ಅಳಿಲು. ಸೇತುವೆ ಕಟ್ಟಲು ಮರಳು ಹೊತ್ತ ನಮ್ಮ ಅಳಿಲಿಗೆ ಅಲ್ಲಿ ಚಿನ್ನ ಕಾಯುವ ಉದ್ಯೋಗ ದೊರೆತಿದ್ದುದು ಎಷ್ಟು ಜನಕ್ಕೆ ಗೊತ್ತು? ಅಜ್ಜಿಯ ಗಡಿಯಾರದ ಮುಚ್ಚಳದ ಒಳಗೆ ದೇವಿಯೂ ಇರಲಿಲ್ಲ, ಅಳಿಲೂ ಇರಲಿಲ್ಲ. ಅಲ್ಲಿದ್ದದ್ದು ತ್ರಿಕೋನದೊಳಗೆ ಒಮೆಗಾ ಸಂಸ್ಥೆಯ ಹೆಸರು ಮತ್ತು ಕವಚದ ಮಾದರಿಯ ಸಂಖ್ಯೆ. ಅಡಿ ಉಕ್ಕು, ಮೇಲ್ಮೈಗೆ ಚಿನ್ನದ ತೆಳು ಕವಚ. ಆ ಸಂಸ್ಥೆಯೇ ಹೀಗೆ ಚಿನ್ನ ಹೊದಿಸಿದ ಉಕ್ಕಿನ ಗಡಿಯಾರಗಳನ್ನು ಆ ಕಾಲದಲ್ಲಿ ಮಾರುತ್ತಿತ್ತು.

ಹುಡುಗನ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ನಕ್ಕರು. "ನಮ್ಮಪ್ಪ ಚಿನ್ನವೆಂದು ಹೇಳಲೇ ಇಲ್ಲ, ಮಗು. ಒಮೆಗಾ ಎಂದರು, ಒಮೆಗಾ ಕೊಟ್ಟರು. ಚಿನ್ನದ್ದೆಂದು ಊರೆಲ್ಲ ಸಾರಿದವರು ನಿಮ್ಮ ಕಡೆಯವರು" ಎಂದರು. ಅರುವತ್ತು ವರ್ಷ ಕಳೆದರೂ ಬೀಗರ ಲೆಕ್ಕ ಚುಕ್ತವಾಗುವುದಿಲ್ಲವೆಂಬುದು ಅಂಗಡಿಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಅದೇ ಗಾಜಿನ ಪೆಟ್ಟಿಗೆಯಲ್ಲಿ ಒಂದು ತಟ್ಟೆಯ ತುಂಬ ಎಚ್.ಎಂ.ಟಿ. ಗಡಿಯಾರಗಳಿದ್ದವು. ಬೆಂಗಳೂರಿನ ಮನೆಗಳಲ್ಲಿ ಒಮೆಗಾ ಅಪರೂಪ, ಎಚ್.ಎಂ.ಟಿ. ಇಲ್ಲದ ಮನೆಯೇ ಅಪರೂಪ. 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಜಾಲಹಳ್ಳಿಯಲ್ಲಿ ಕೈಗಡಿಯಾರಗಳನ್ನು ಮಾಡಲಾರಂಭಿಸಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅಲ್ಲಿಂದ ಮುಂದೆ ಪರೀಕ್ಷೆ ಪಾಸಾದವನಿಗೂ, ಮದುವೆಯ ಗಂಡಿಗೂ, ನಿವೃತ್ತನಿಗೂ ಅದೇ ಉಡುಗೊರೆ. ಇಂಥ ಸಾಮಾನ್ಯರ ಗಡಿಯಾರಕ್ಕೆ ನಕಲು ಏಕೆಂದು ಕೇಳಬಹುದು. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಇನ್ನು ಸಿಗದೆಂದ ಕೂಡಲೇ ಎಲ್ಲರಿಗೂ ಬೇಕಾಯಿತು. ಹಳೆಯ ಜನತಾ, ಪೈಲಟ್ ಗಡಿಯಾರಗಳ ಯಂತ್ರಗಳನ್ನು ತೊಳೆದು, ಗಿಳಿಹಸುರು, ಕಿತ್ತಳೆ, ನವಿಲುನೀಲಿ ಬಣ್ಣದ ಹೊಸ ಮುಖ ಬರೆದು, ಪಡೆಯವರ ಲಾಂಛನವನ್ನೂ ಒತ್ತಿ ಮಾರುವ ಕಸುಬು ಬೆಳೆಯಿತು. ಸಂಗ್ರಾಹಕರು ಇದಕ್ಕಿಟ್ಟ ಹೆಸರು ಮುಂಬಯಿ ಸ್ಪೆಷಲ್. ಯಂತ್ರ ನಮ್ಮ ಜಾಲಹಳ್ಳಿಯದೇ. ವೇಷ ಮಾತ್ರ ನಾಟಕದ ಕಂಪೆನಿಯದು. ಅಂಥದರಲ್ಲಿ ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟುವುದಿಲ್ಲ, ಅಥವಾ ದಾಟಿ ಹೋಗುತ್ತದೆ. ದೇವನಾಗರಿಯಲ್ಲಿ ಬರೆದ ಹೆಸರಿನ ತಲೆಗೆರೆ ಸೊಟ್ಟಗಿರುತ್ತದೆ. ಉಕ್ಕಿನ ಮುಚ್ಚಳವಿರಬೇಕಾದ ಜನತಾ ಗಡಿಯಾರಕ್ಕೆ ಹಿಂದೆಯೂ ಗಾಜು ಹಾಕಿ ಯಂತ್ರ ಪ್ರದರ್ಶನ ಮಾಡಿರುವುದೂ ಉಂಟು. ತಿಳಿದು ಕೊಂಡರೆ ಅಡ್ಡಿಯಿಲ್ಲ, ಸಮಯವನ್ನಂತೂ ತೋರಿಸುತ್ತವೆ. ಅಪೂರ್ವ ವಸ್ತುವೆಂಬ ಬೆಲೆ ಕೊಟ್ಟರೆ ಮೋಸ.

ರಸೀದಿ ಇಲ್ಲದ್ದರಿಂದಲೇ ಖೋಟಾ ಎನ್ನುವವರೂ ಇದ್ದಾರೆ. ಇದು ಸಲ್ಲದ ವಾದ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶೀ ವಿನಿಮಯದ ಅಭಾವದಿಂದ ಹೊರಗಿನ ಗಡಿಯಾರಗಳ ಆಮದಿಗೆ ಬಿಗಿ ಕಡಿವಾಣವಿತ್ತು; ಕಳ್ಳದಾರಿಯಲ್ಲಿ ಬಂದ ಅಸಲು ಸ್ವಿಸ್ ಗಡಿಯಾರಗಳಿಗೆ ರಸೀದಿ ಬರೆಯುವ ಧೈರ್ಯ ಯಾರಿಗಿತ್ತು? ಹೊಳಪು ಮಾಸದ ಡಬ್ಬಿ, ಮಡಿಕೆ ಬೀಳದ ಕಾಗದಪತ್ರಗಳನ್ನು ಕಂಡಾಗಲೇ ಹೆಚ್ಚು ಎಚ್ಚರ ಬೇಕು. ಕಾಗದವನ್ನು ಮಾಡುವುದು ಗಡಿಯಾರ ಮಾಡುವುದಕ್ಕಿಂತ ಸುಲಭ.

ಮುದುಕರು ಮುಚ್ಚಳವನ್ನು ದೀಪಕ್ಕೆ ಓರೆಯಾಗಿ ಹಿಡಿದು ಮತ್ತೆ ನೋಡಿದರು. ಗಡಿಯಾರ ಬಿಚ್ಚಿದ ರಿಪೇರಿಗಾರ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಾರೀಖನ್ನೂ ಗೀರಿಡುವುದು ವಾಡಿಕೆ. ನಕಲು ಮಾಡುವವರಿಗೆ ಇದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಅಲ್ಲಿ ನಾಲ್ಕು ಗೀರುಬರಹಗಳಿದ್ದವು. ಅವನ್ನು ಓದಿ ಹೇಳುವ ಮೊದಲು ಮುದುಕರು ಅಜ್ಜಿಯತ್ತ ತಿರುಗಿ, "ತಾಯಿ, ಈ ವಾಚಿಗೆ ಎಂದಾದರೂ ನೀರು ಹೊಕ್ಕಿತ್ತೆ?" ಎಂದು ಕೇಳಿದರು.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗನ ಕಡೆ ನೋಡಿ ಹೇಳಿದರು: "ನಿಮ್ಮ ತಾತ ಆಗ ತೀರ್ಥಹಳ್ಳಿಯಲ್ಲಿ ಕೆಲಸದಲ್ಲಿದ್ದರು. ಆಗುಂಬೆಯ ಮಳೆಯಲ್ಲಿ ಓಡಾಟ. ಒಂದು ದಿನ ವಾಚಿನ ಗಾಜಿನೊಳಗೆಲ್ಲ ಹಬೆ ಕಟ್ಟಿತು. ಅಂಕಿ ಕಾಣದ ಹಾಗೆ ಕಪ್ಪು ಚುಕ್ಕೆ ಬಿತ್ತು. ಬೆಂಗಳೂರಿಗೆ ಕಳಿಸಿದರು. ಒಂದು ತಿಂಗಳು ಬರಿಗೈಯನ್ನೇ ನೋಡಿಕೊಳ್ಳುತ್ತಿದ್ದರು. ವಾಪಸು ಬಂದಾಗ ಥಳಥಳ ಹೊಳೆಯುತ್ತಿತ್ತು. ನಿಮ್ಮಪ್ಪನಿಗೆ ಅನ್ನಪ್ರಾಶನ ಮಾಡಿದ ವರ್ಷ."

"ಯಾವ ಇಸವಿ, ಅಜ್ಜಿ?"

"ಅರುವತ್ತಮೂರು."

ಮುದುಕರು ಮುಚ್ಚಳವನ್ನೂ ಭೂತಗನ್ನಡಿಯನ್ನೂ ಹುಡುಗನ ಕೈಗೆ ಕೊಟ್ಟರು. ನಾಲ್ಕು ಬರಹಗಳಲ್ಲಿ ಎಲ್ಲಕ್ಕಿಂತ ಹಳೆಯದು, ಮಾಸಿದ್ದರೂ ಓದಲು ಬರುವಂತಿತ್ತು: 8-63.

ಬೆಲೆಯ ಮಾತು ಬಂದಾಗ ಮುದುಕರು ಮರೆಮಾಚಲಿಲ್ಲ. ಬಣ್ಣ ಹೊಡೆದ ಮುಖಕ್ಕೆ ಸಂಗ್ರಾಹಕರು ಕೊಡುವ ಹಣ ಕಡಿಮೆ. ಆ ಮಟ್ಟಿಗೆ ವ್ಯಾಪಾರಿಯ ಮಾತಿನಲ್ಲಿ ಹುರುಳಿತ್ತು. ಅದೇ ಮಾದರಿಯ ಹಳೆಯ ಫಲಕವನ್ನು ಹುಡುಕಿ ತಂದು ಕೂರಿಸಿದರೆ ಬೆಲೆ ಏರಬಹುದೆಂದು ಹುಡುಗ ಸೂಚಿಸಿದ. ಹಾಗೆ ಮಾಡಿದರೆ ನಾಳೆ ಈ ಮುಚ್ಚಳದ ಬರಹಕ್ಕೂ ಆ ಮುಖಕ್ಕೂ ತಾಳೆಯಾಗದೆಂದು ಮುದುಕರು ಒಪ್ಪಲಿಲ್ಲ. ಎಣ್ಣೆ ಹಾಕಿ, ಸವೆದ ಸ್ಪ್ರಿಂಗು ಬದಲಿಸಿ, ಹತ್ತು ದಿನಗಳಲ್ಲಿ ಕೊಡುವುದೆಂದು ನಿಶ್ಚಯವಾಯಿತು. ಯಂತ್ರದ ಸಂಖ್ಯೆ, ಮಾದರಿ, ಮುಚ್ಚಳದ ನಾಲ್ಕು ತಾರೀಖುಗಳು, ಇಷ್ಟನ್ನೂ ಹುಡುಗ ಒಂದು ಚೀಟಿಯಲ್ಲಿ ಬರೆದುಕೊಂಡ. ಯಂತ್ರದ ಚಿತ್ರವನ್ನೂ ತೆಗೆದುಕೊಂಡ. ರಿಪೇರಿಗೆ ಕೊಟ್ಟದ್ದೇ ವಾಪಸು ಬಂದಿತೆಂದು ನೋಡಿಕೊಳ್ಳಲು ಇದು ಒಳ್ಳೆಯದೆಂದು ಹೇಳಿಕೊಟ್ಟವರು ಆ ಮುದುಕರೇ.

ಮುಂಗಡ ಕೊಡಲು ಹುಡುಗ ಜೇಬಿಗೆ ಕೈಹಾಕಿದ. ಅಜ್ಜಿ ತಡೆದು, ಸೆರಗಿನ ತುದಿಯ ಗಂಟನ್ನು ಬಿಚ್ಚಿ ನೋಟುಗಳನ್ನು ಎಣಿಸತೊಡಗಿದರು.

"ವರೋಪಚಾರದ ಖರ್ಚು ಹೆಣ್ಣಿನ ಕಡೆಯವರದು" ಎಂದರು.